ಸೂಪರ್‌ಚಾರ್ಜರಿಗೆ ಮುನ್ನ

ಮೋಟಾರು ಗಾಡಿಯ ಎಂಜಿನ್ನು ಉಸಿರಾಡುವ ಯಂತ್ರ. ಅದು ಕುಡಿಯುವ ಪೆಟ್ರೋಲಿನ ಲೆಕ್ಕವನ್ನು ಎಲ್ಲರೂ ಇಡುತ್ತಾರೆ. ಸೇವಿಸುವ ಗಾಳಿಯ ಲೆಕ್ಕ ಇಡುವವರು ವಿರಳ. ಒಂದು ಗ್ರಾಂ ಪೆಟ್ರೋಲು ಪೂರ್ಣವಾಗಿ ಉರಿಯಲು ಸುಮಾರು 14.7 ಗ್ರಾಂ ಗಾಳಿ ಬೇಕು. ಆದುದರಿಂದ ಎಂಜಿನ್ನಿನ ಬಲ ಹೆಚ್ಚಬೇಕಾದರೆ ಸಿಲಿಂಡರಿನೊಳಗೆ ಹೆಚ್ಚು ಗಾಳಿಯನ್ನು ತುಂಬಬೇಕು. ಎಂಜಿನ್ನಿನಿಂದಲೇ ಬೆಲ್ಟಿನ ಮೂಲಕ ತಿರುಗಿ ಈ ಕೆಲಸ ಮಾಡುವ ಪಂಪಿಗೆ ಸೂಪರ್‌ಚಾರ್ಜರು ಎಂದು ಹೆಸರು.

ಗೋಕಾಕ, ಮೂಡಲಗಿ, ಹುಕ್ಕೇರಿಗಳ ತರುಣರಿಗೆ ಯಂತ್ರಗಳ ಮೋಹ ಸಹಜವಾದುದು. ಕಬ್ಬಿನ ಹಂಗಾಮಿನಲ್ಲಿ ಹಗಲಿರುಳೂ ಸಾಗುವ ಟ್ರ್ಯಾಕ್ಟರುಗಳ ಸದ್ದಿನಲ್ಲಿಯೇ ಬೆಳೆದವರು ಅವರು. ಹಳೆಯ ಕಾರಿಗೆ ಸೂಪರ್‌ಚಾರ್ಜರು ಕೂಡಿಸಿದರೆ ಅಶ್ವಶಕ್ತಿ ಎಷ್ಟು ಏರೀತೆಂದು ವಿದ್ಯಾರ್ಥಿಗಳು ನನ್ನನ್ನು ಕೇಳುವುದುಂಟು. ಆ ಎಂಜಿನ್ನು ಅದನ್ನು ತಾಳೀತೇ ಎಂದು ಕೇಳುವವರು ಕಡಿಮೆ. ಈ ಎರಡನೆಯ ಪ್ರಶ್ನೆಯನ್ನೇ ಮೊದಲು ಕೇಳಬೇಕೆಂಬುದು ನನ್ನ ವಾದ.

ಇದಕ್ಕೆ ನಮ್ಮ ಸೀಮೆಯ ನೀರಾವರಿಯೇ ಒಳ್ಳೆಯ ದೃಷ್ಟಾಂತ. ಘಟಪ್ರಭೆಗೆ ಧೂಪದಾಳದಲ್ಲಿ ಕಟ್ಟಿದ ಒಡ್ಡು 1897ರಷ್ಟು ಹಳೆಯದು. ಹುಕ್ಕೇರಿ ತಾಲೂಕಿನ ಹಿಡಕಲ್ ಅಣೆಕಟ್ಟು ಬಂದುದು ಬಹುಕಾಲದ ತರುವಾಯ. ಅದರ ಎತ್ತರವನ್ನೂ ಕಾಲುವೆಗಳನ್ನೂ ಹಂತಹಂತವಾಗಿ ಬೆಳೆಸಲಾಯಿತು. ದಂಡೆಯನ್ನು ಭದ್ರಪಡಿಸದೆ ಹಳೆಯ ಕಾಲುವೆಗೆ ಇಮ್ಮಡಿ ನೀರು ಬಿಟ್ಟರೆ, ಅದು ಮೂಡಲಗಿಯ ಹೊಲಗಳನ್ನು ಮುಟ್ಟುವ ಮೊದಲೇ ದಂಡೆಯನ್ನು ಒಡೆದು ಹೋದೀತು. ಎಂಜಿನ್ನಿನ ವಿಷಯವೂ ಹೀಗೆಯೇ.

ಸ್ವಲ್ಪ ಲೆಕ್ಕ ಹಾಕೋಣ. ಹೊರಗಿನ ಗಾಳಿಯ ಉಷ್ಣತೆ 30 ಡಿಗ್ರಿ ಸೆಲ್ಸಿಯಸ್ ಇರಲಿ. ಸೂಪರ್‌ಚಾರ್ಜರು ಅದರ ಒತ್ತಡವನ್ನು ಒಂದೂವರೆ ಪಟ್ಟು ಮಾಡಲಿ. ಹಾಗಾದರೆ ಗಾಳಿಯೂ ಒಂದೂವರೆ ಪಟ್ಟು ತುಂಬುವುದಷ್ಟೆ? ಇಲ್ಲ. ಅದುಮಿದ ಗಾಳಿ ಕಾಯುತ್ತದೆ. ಸೈಕಲ್ಲಿನ ಪಂಪಿನ ಬುಡವನ್ನು ಮುಟ್ಟಿ ನೋಡಿದವರಿಗೆ ಇದು ಗೊತ್ತು. ಆದರ್ಶ ಪಂಪಿನಲ್ಲಿಯೇ ಉಷ್ಣತೆ ಸುಮಾರು 67 ಡಿಗ್ರಿಗೆ ಏರುತ್ತದೆ; ಶೇಕಡಾ 60ರ ದಕ್ಷತೆಯ ಪಂಪಿನಲ್ಲಿ ಸುಮಾರು 92 ಡಿಗ್ರಿಗೆ. ಕಾದ ಗಾಳಿ ಹಿಗ್ಗುವುದರಿಂದ, ಅದನ್ನು ನಡುವೆ ತಂಪುಗೊಳಿಸದಿದ್ದರೆ, ಸಾಂದ್ರತೆ ಹೆಚ್ಚುವುದು ಸುಮಾರು ಕಾಲುಭಾಗ ಮಾತ್ರ. ಪಂಪನ್ನು ತಿರುಗಿಸಲು ವ್ಯಯವಾದ ಶಕ್ತಿಯನ್ನೂ ಅದರಲ್ಲಿ ಕಳೆಯಬೇಕು. ಲಾಭ ಹೀಗೆ ಕರಗಿದರೂ ಶಾಖವು ಪೂರ್ತಿಯಾಗಿ ಎಂಜಿನ್ನಿನ ಪಾಲಿಗೆ ಬರುತ್ತದೆ.

ಇನ್ನು ಪಿಸ್ಟನ್ನಿನ ಪಾಡು. ಅದರ ವ್ಯಾಸ 75 ಮಿಲಿಮೀಟರ್ ಆದರೆ ಮೇಲ್ಮೈ ಸುಮಾರು 44 ಚದರ ಸೆಂಟಿಮೀಟರ್. ದಹನದ ಗರಿಷ್ಠ ಒತ್ತಡ ಚದರ ಸೆಂಟಿಮೀಟರಿಗೆ 60 ಕಿಲೋಗ್ರಾಂ ಎಂದಿಟ್ಟುಕೊಂಡರೆ, ಪಿಸ್ಟನ್ನಿನ ತಲೆಯ ಮೇಲೆ ಸುಮಾರು 2,650 ಕಿಲೋಗ್ರಾಂ ಭಾರ ಬೀಳುತ್ತದೆ. ಒತ್ತಡ 75ಕ್ಕೆ ಏರಿದರೆ ಭಾರ 3,300 ಕಿಲೋಗ್ರಾಂ. ನಿಮಿಷಕ್ಕೆ 3,000 ಸುತ್ತು ತಿರುಗುವ ನಾಲ್ಕು ಹೊಡೆತದ ಎಂಜಿನ್ನಿನಲ್ಲಿ ಪ್ರತಿಯೊಂದು ಪಿಸ್ಟನ್ನೂ ಈ ಪೆಟ್ಟನ್ನು ಸೆಕೆಂಡಿಗೆ 25 ಸಲ ತಿನ್ನುತ್ತದೆ! ಕನೆಕ್ಟಿಂಗ್ ರಾಡು, ಬೇರಿಂಗುಗಳು, ಸಿಲಿಂಡರ್ ಹೆಡ್ಡಿನ ಗ್ಯಾಸ್ಕೆಟ್ಟು ಎಲ್ಲವೂ ಅದನ್ನು ಹಂಚಿಕೊಳ್ಳಬೇಕು. ಅದರ ಜೊತೆಗೆ ಎಂಜಿನ್ನಿನ ವೇಗವನ್ನೂ ಏರಿಸಿದರೆ ರಾಡನ್ನು ಜಗ್ಗುವ ಬಲ ವೇಗದ ವರ್ಗಕ್ಕೆ ಅನುಗುಣವಾಗಿ ಹೆಚ್ಚುತ್ತದೆ: 5,000 ಸುತ್ತಿನಿಂದ 6,000ಕ್ಕೆ ಹೋದರೆ ಶೇಕಡಾ 44ರಷ್ಟು.

ಎಲ್ಲಕ್ಕಿಂತ ಕ್ರೂರವಾದ ಶತ್ರು ನಾಕಿಂಗ್. ಅತಿ ಕಾದ ಮಿಶ್ರಣ, ಜ್ವಾಲೆ ತನ್ನನ್ನು ತಲುಪುವ ಮುನ್ನವೇ ತಾನಾಗಿ ಸಿಡಿಯುವುದಕ್ಕೆ ಈ ಹೆಸರು. ಎರಕದ ಪಿಸ್ಟನ್ನು ಇಂಥ ಸುತ್ತಿಗೆಯೇಟಿಗೆ ಬಿರಿಯಬಹುದು. ಬಡಿದು ರೂಪಿಸಿದ ಫೋರ್ಜ್ಡ್ ಪಿಸ್ಟನ್ನು ಹೆಚ್ಚು ತಾಳುತ್ತದೆ. ಸಂಪೀಡನದ ಪ್ರಮಾಣವನ್ನು ತಗ್ಗಿಸುವುದು, ಶಾಖಕ್ಕೆ ಹಿಗ್ಗುವ ಪಿಸ್ಟನ್ ಉಂಗುರಗಳ ತುದಿಗಳು ಒಂದಕ್ಕೊಂದು ತಾಗದಂತೆ ಹೆಚ್ಚು ಸಂದು ಬಿಡುವುದು, ಇಂಧನ, ತೈಲ ಮತ್ತು ತಂಪಿನ ವ್ಯವಸ್ಥೆಗಳನ್ನು ಬಲಪಡಿಸುವುದು—ಇವೆಲ್ಲ ಸೂಪರ್‌ಚಾರ್ಜರಿಗೆ ಮೊದಲು ಆಗಬೇಕಾದ ಕೆಲಸಗಳು.

ನಿಪುಣರ ನಡೆಯೂ ಇದನ್ನೇ ಹೇಳುತ್ತದೆ. ಇಂಗ್ಲೆಂಡಿನ ರೋಲ್ಸ್ ರಾಯ್ಸ್ ಕಂಪನಿಯವರು ಸುಮಾರು 825 ಅಶ್ವಶಕ್ತಿಯ ಬಜಾರ್ಡ್ ಎಂಜಿನ್ನನ್ನು ಆಧರಿಸಿ, ವಿಮಾನಗಳ ಪಂದ್ಯಕ್ಕಾಗಿ ‘ಆರ್’ ಎಂಬ ಸೂಪರ್‌ಚಾರ್ಜಿತ ಎಂಜಿನ್ನನ್ನು ರಚಿಸಿದರು. ಅದರ ಬಲ 1929ರಲ್ಲಿ 1,900, 1931ರಲ್ಲಿ 2,350 ಅಶ್ವಶಕ್ತಿ. ಆದರೆ ಪರೀಕ್ಷಾಕಟ್ಟೆಯ ಮೇಲೆ ಅದನ್ನು ಮುರಿಯುವ ತನಕ ಓಡಿಸಿ, ಮುರಿದ ಭಾಗವನ್ನು ಗಟ್ಟಿಗೊಳಿಸಿ ಮತ್ತೆ ಓಡಿಸಿ ಈ ಬಲವನ್ನು ಗಳಿಸಿದರು. ಅವರಿಗೆ ಪರೀಕ್ಷಾಕಟ್ಟೆಯಿತ್ತು, ಸಾಲ ಮಾಡಿ ಕಾರು ಕೊಂಡವನಿಗೆ ರಸ್ತೆಯೇ ಪರೀಕ್ಷಾಕಟ್ಟೆಯಾಗಿಬಿಡುತ್ತದೆ.

ಅಲ್ಪ ಒತ್ತಡವನ್ನು ಸಾಮಾನ್ಯ ಎಂಜಿನ್ನೂ ತಾಳುತ್ತದೆಂಬ ಆಕ್ಷೇಪವುಂಟು. ಒಪ್ಪತಕ್ಕ ಮಾತೇ. ಆದರೆ ಎಷ್ಟು ಅಲ್ಪ? ಎಷ್ಟು ಸವೆದ ಎಂಜಿನ್ನು? ಸಿಲಿಂಡರುಗಳ ಒತ್ತಡವನ್ನು ಅಳೆಯದೆ, ಬೇರಿಂಗುಗಳನ್ನು ನೋಡದೆ ‘ತಾಳುತ್ತದೆ’ ಎನ್ನುವುದು ವಿಜ್ಞಾನವಲ್ಲ, ಜೂಜು. ಸೋತರೆ ಹೋಗುವುದು ಮನೆಯವರು ಒಂದು ಹಂಗಾಮಿನ ಕಬ್ಬಿನಿಂದ ಗಳಿಸಿದ ಹಣ.

ಹಣಕ್ಕಿಂತ ದೊಡ್ಡದು ಜೀವ. ಗಂಟೆಗೆ 60 ಕಿಲೋಮೀಟರಿನಿಂದ 80ಕ್ಕೆ ಏರಿದ ಗಾಡಿಯ ಚಲನಶಕ್ತಿ ಸುಮಾರು 1.8 ಪಟ್ಟಾಗುತ್ತದೆ, ಬ್ರೇಕುಗಳು ಮಾತ್ರ ಹಳೆಯವೇ. ತಯಾರಕರು ಗೊತ್ತುಪಡಿಸಿದ ಮೂಲ ಲಕ್ಷಣಗಳಿಗೆ ವಿರುದ್ಧವಾಗಿ ವಾಹನವನ್ನು ಮಾರ್ಪಡಿಸಕೂಡದೆಂದು 1988ರ ಮೋಟಾರು ವಾಹನ ಕಾಯಿದೆಯ 52ನೆಯ ಕಲಮಿನ ಮೇಲೆ ಸರ್ವೋಚ್ಚ ನ್ಯಾಯಾಲಯವು 2019ರಲ್ಲಿ ತೀರ್ಪಿತ್ತಿದೆ. ಇದನ್ನು ತರುಣರ ಉತ್ಸಾಹಕ್ಕೆ ಹಾಕಿದ ಕಡಿವಾಣವೆಂದು ಭಾವಿಸಬೇಕಾಗಿಲ್ಲ. ಎದುರಿನಿಂದ ಸೈಕಲ್ಲೇರಿ ಬರುವವನ ರಕ್ಷಣೆಯೆಂದು ತಿಳಿಯಬೇಕು.

ಯಂತ್ರದ ಮೋಹವುಳ್ಳ ವಿದ್ಯಾರ್ಥಿಯು ಕೈಗೆ ಪಾನಾ ಹಿಡಿಯುವುದಕ್ಕೆ ಮೊದಲು ಕಾಗದ ಹಿಡಿಯಲಿ. ಒಂದು ಹಳೆಯ ಎಂಜಿನ್ನನ್ನು ಬಿಚ್ಚಿ, ಪ್ರತಿಯೊಂದು ಭಾಗವು ಹೊರುವ ಭಾರವನ್ನು ಲೆಕ್ಕ ಹಾಕಲಿ. ಅದರಲ್ಲಿ ಎಲ್ಲಕ್ಕಿಂತ ದುರ್ಬಲವಾದ ಭಾಗ ಯಾವುದೆಂದು ಅರಿತವನಿಗೆ ಮಾತ್ರ ಅದರ ಬಲವನ್ನು ಹೆಚ್ಚಿಸುವ ಯೋಗ್ಯತೆಯುಂಟು.