ಪತ್ತೇದಾರನಿಗೆ ಅವಳನ್ನ ಕೇಳೋಕೆ ಏನಾಗಿತ್ತು?

ಮೊನ್ನೆ ನಮ್ಮ ಜಗಲಿ ಮೇಲೆ ಐದಾರು ಜನ ಕೂತ್ಕೊಂಡು ಅವರೆಕಾಳು ಇದುಕ್ತಿದ್ವಿ. ಕೈಗೆ ಕೆಲಸ, ಬಾಯಿಗೆ ಬಿಡುವು. ನಮ್ಮ ವಾರಗಿತ್ತಿ ಮೊಬೈಲಲ್ಲಿ ಓದಿದ ಒಂದು ಕತೆ ತೆಗೆದಳು. ಕಿವಿ ಕೇಳದ ಹುಡುಗಿ, ಮಾತೂ ಇಲ್ಲ. ಅಪ್ಪ ಅಮ್ಮ ಹೊಸ್ತಿಲು ದಾಟಿಸದೆ ಸಾಕವ್ರೆ. ಪಕ್ಕದ ಮನೇಲಿ ಕೊಲೆ ಆಯ್ತದೆ, ಪತ್ತೇದಾರ ಬತ್ತಾನೆ. ಕೊಲೆಗಾರ ಇವಳ ಹಿಂದೆ ಬೀಳ್ತಾನೆ, ಪತ್ತೇದಾರ ಹಗಲೂ ರಾತ್ರಿ ಕಾಯ್ತಾನೆ, ಕಾದೂ ಕಾದೂ ಪ್ರೀತಿ ಆಗಿ ಮದುವೆ. ಎಲ್ಲಾರೂ "ಪುಣ್ಯವಂತೆ ಕಣವ್ವ" ಅಂದ್ರು. ಒಬ್ಬರು ಒಳಗೆ ಒಲೆ ಮುಂದಿದ್ದ ನಮ್ಮ ನಾದಿನಿ ಕಡೆ ಕಣ್ಣು ಮಾಡಿ, "ಇವಳ್ಗೂ ಅಂಥೋನೊಬ್ಬ ಸಿಕ್ಕಿದ್ರೆ..." ಅಂತ ಉಸಿರು ಬಿಟ್ರು.

ಆವತ್ತು ಸುಮ್ಮನಿದ್ದೆ. ಮನೆಗೆ ಬಂದೋರ ಮುಂದೆ ಬಾಯಿ ಮಾಡಬಾರದು ಅಂತ. ಈಗ ಬರೀತೀನಿ, ಬೈಕೊಳ್ಳೋರು ಬೈಕೊಳ್ಳಿ.

ಆ ಕತೇಲಿ ನಂಗೆ ಪ್ರೀತಿ ಕಾಣ್ಲಿಲ್ಲ ಕಣ್ರಕ್ಕ, ಕಾವಲು ಕಂಡಿತು. ಅಪ್ಪನ ಕೈಲಿದ್ದ ಬೀಗದ ಕೈ ಪತ್ತೇದಾರನ ಕೈಗೆ ಹೋಯ್ತು ಅಷ್ಟೆ. ಮಾರನೇ ದಿನ ವಾರಗಿತ್ತೀನ ಕೇಳಿದೆ, "ಅವನು ಅವಳ ಸನ್ನೆ ಕಲ್ತನಾ?" ಅಂತ. "ಅದೇನೂ ಇಲ್ಲಕ್ಕ, ಅವನ ಕಣ್ಣು ನೋಡಿದ್ರೇ ಅವಳಿಗೆಲ್ಲಾ ಅರ್ಥ ಆಯ್ತದೆ" ಅಂದ್ಲು. ಮೂವತ್ತು ವರ್ಷ ಸಂಸಾರ ಮಾಡಿದೀನಿ, ಬಾಯಿಬಿಟ್ಟು ಹೇಳಿದ್ರೂ ನಮ್ಮೆಜಮಾನ್ರಿಗೆ ಅರ್ಥ ಆಗಲ್ಲ. ಕಣ್ಣಲ್ಲಂತೆ!

ನಾನೂ ಪತ್ತೇದಾರಿ ಓದಿದೋಳೇ. ಪಿಯುಸಿ ಓದೋವಾಗ ಎನ್. ನರಸಿಂಹಯ್ಯನೋರ ಪುರುಷೋತ್ತಮನ ಕಾದಂಬರಿಗಳನ್ನ ಪುಸ್ತಕದೊಳಗೆ ಬಚ್ಚಿಟ್ಟು ಓದ್ತಿದ್ದೆ. (ನಾಲ್ಕನೇ ಕ್ಲಾಸು ಓದಿದೋರು ಐನೂರಕ್ಕೂ ಮೇಲೆ ಕಾದಂಬರಿ ಬರೆದ್ರು, ನಮ್ಮ ಮಕ್ಕಳಿಗೆ ಇದನ್ನ ಹೇಳಬೇಕು.) ಪತ್ತೇದಾರ ಅಂದ್ರೆ ಕಂಡೋರ್ನೆಲ್ಲಾ ಪ್ರಶ್ನೆ ಕೇಳೋನು. ಆದ್ರೆ ಈ ಕತೇಲಿ ಕೊಲೆಗಾರನ್ನ ಕಣ್ಣಾರೆ ಕಂಡಿದ್ದೋಳೇ ಆ ಹುಡುಗಿ. ಹಾಲಿನೋನ್ನ ಕೇಳಿದ, ಕಾವಲಿನೋನ್ನ ಕೇಳಿದ, ಅವಳೊಬ್ಬಳನ್ನ ಕೇಳ್ಲಿಲ್ಲ. ಅವಳನ್ನ ಬರೀ ತಬ್ಬಿಕೊಂಡ.

ಸುಳ್ಳು ಅಂತೀರಾ? ನಮ್ಮನೇಲೇ ಆಯ್ತು. ಎರಡು ವರ್ಷದ ಹಿಂದೆ ಅಟ್ಟದ ಮೇಲಿದ್ದ ಎರಡು ಮೂಟೆ ಕೊಬ್ಬರಿ ಮಾಯ ಆಯ್ತಲ್ಲ, ಪೊಲೀಸ್ನೋರು ಬಂದು ನನ್ನ ಕೇಳಿದ್ರು, ನಮ್ಮತ್ತೇನ ಕೇಳಿದ್ರು, ಆರು ವರ್ಷದ ಮೊಮ್ಮಗೂನೂ ಕೇಳಿದ್ರು. ಮಧ್ಯಾಹ್ನವೆಲ್ಲಾ ಕಿಟಕಿ ಮುಂದೆ ರಾಗಿ ಕೇರ್ತಾ ಕೂತಿದ್ದೋಳು ನಾದಿನಿ. ಅವಳ ಕಡೆ ಕೈ ತೋರ್ಸಿ "ಅವಳಿಗೆ ಕೇಳ್ಸಲ್ಲ ಬಿಡಿ ಸಾ" ಅಂದೋಳು ಯಾರು? ನಾನೇ. ಮೂರು ದಿನ ಆದ ಮೇಲೆ ಅವಳೇ ನನ್ನ ಕೈ ಹಿಡಿದು ಎಳ್ಕೊಂಡೋಗಿ ತೋರ್ಸಿದ್ಲು: ಕುಂಟೋ ನಡಿಗೆ, ಹೆಗಲ ಮೇಲೆ ಮೂಟೆ, ಲೂನಾ ಗಾಡಿ. ಅಷ್ಟೊತ್ತಿಗೆ ಕೊಬ್ಬರಿ ಯಾವ ಸಂತೇಲಿ ಕರಗಿತ್ತೋ.

ಕಾನೂನು ನಮಗಿಂತ ವಾಸಿ. ಮಾತು ಬಾರದೋರು ಕೋರ್ಟಲ್ಲಿ ಸನ್ನೆ ಮಾಡಿ ಇಲ್ಲ ಬರೆದು ಹೇಳಿದ್ದೂ ಸಾಕ್ಷಿಯೇ, ಬ್ರಿಟಿಷರ ಕಾಲದಿಂದಲೂ. ಅತ್ಯಾಚಾರದಂಥ ಕೇಸಲ್ಲಿ ಅಂಗವಿಕಲ ಹೆಣ್ಣುಮಗಳ ದೂರನ್ನ ಪೊಲೀಸರೇ ಅವಳ ಮನೆಗೋ ಅವಳು ಹೇಳಿದ ಜಾಗಕ್ಕೋ ಬಂದು, ಸನ್ನೆ ಗೊತ್ತಿರೋರನ್ನ ಕೂರ್ಸಿಕೊಂಡು, ವಿಡಿಯೋ ಮಾಡಿ ಬರ್ಕೋಬೇಕು ಅಂತ 2013ರಲ್ಲೇ ಆಗಿದೆ. 2023ರ ಸೆಪ್ಟೆಂಬರಲ್ಲಿ ಬೆಂಗಳೂರಿನ ವಕೀಲೆ ಸಾರಾ ಸನ್ನಿ, ಕಿವಿ ಕೇಳದೋರು, ಸುಪ್ರೀಂ ಕೋರ್ಟಲ್ಲಿ ದುಭಾಷಿ ಜೊತೆ ಸನ್ನೆಯಲ್ಲಿ ಹಾಜರಾದ್ರು. ಮುಂದಿನ ವರ್ಷ ಏಪ್ರಿಲಲ್ಲಿ ನಮ್ಮ ಹೈಕೋರ್ಟಲ್ಲೇ ಒಬ್ಬ ಹೆಂಡತಿ ಪರವಾಗಿ ವಾದ ಮಾಡಿದ್ರು. ಇನ್ನೊಬ್ಬ ಹೆಣ್ಣುಮಗಳಿಗೆ ಕಾವಲು ನಿಂತೋರು ಅವರು. ನಾವು ಜಗಲಿ ಮೇಲೆ ಪತ್ತೇದಾರನ್ನ ಹುಡುಕ್ತಾ ಇದೀವಿ.

ಈಗ ಹೊಟ್ಟೆಯೊಳಗಿನ ಮಾತು. ನಾದಿನಿಗೆ ಇಪ್ಪತ್ನಾಲ್ಕು ವರ್ಷ ಇದ್ದಾಗ ಹಾಸನದ ಕಡೆಯಿಂದ ಒಂದು ಗಂಡು ಬಂದಿತ್ತು. ಟೈಲರ್. ಅವನಿಗೂ ಕಿವಿ ಕೇಳಲ್ಲ, ಶಾಲೇಲಿ ಸನ್ನೆ ಕಲ್ತಿದ್ದ. ನಾವೆಲ್ಲಾ ಕಾಫಿ ಲೋಟ ಹಿಡ್ಕೊಂಡು ದೊಡ್ಡೋರ ಜೊತೆ ಮಾತಾಡ್ತಿದ್ರೆ, ಅವನು ನೇರವಾಗಿ ಇವಳನ್ನೇ ಕೇಳ್ದ. ಏನು ಕೇಳ್ದನೋ, ಅವಳು ಸೆರಗಲ್ಲಿ ಬಾಯಿ ಮುಚ್ಕೊಂಡು ನಕ್ಕಳು. ಆ ಥರ ನಕ್ಕಿದ್ದು ನಾನು ಅದಕ್ಕೆ ಮುಂಚೆ ನೋಡಿರ್ಲಿಲ್ಲ. ನಾವು ಬೇಡ ಅಂದ್ವಿ. ಇಬ್ಬರಿಗೂ ಕೇಳ್ಸಲ್ಲ, ರಾತ್ರಿ ಕಳ್ಳ ಬಂದ್ರೆ, ಮಗು ಅತ್ರೆ? ಕಿವಿ ಇರೋ ಗಂಡು ಬರ್ಲಿ, ಸಂದಾಕೆ ನೋಡ್ಕೊಳ್ಳೋನು ಬರ್ಲಿ ಅಂತ ಕಾದ್ವಿ. ದೂರದರ್ಶನದಲ್ಲಿ 'ಕೋಶಿಶ್' ನೋಡಿ ಕಣ್ಣೀರು ಹಾಕಿದೋರೇ ನಾವು. ಸಂಜೀವ್ ಕುಮಾರ್, ಜಯಾ ಭಾದುರಿ, ಇಬ್ಬರಿಗೂ ಕಿವಿಯಿಲ್ಲ ಮಾತಿಲ್ಲ, ಹೆಂಗೆ ಬಾಳಿದ್ರು ಅಂತ. ಟೀವಿ ಆರಿಸಿದ ಮೇಲೆ ಅದೇ ಬಾಳು ನಮ್ಮ ಮನೆ ಬಾಗ್ಲಿಗೆ ಬಂದ್ರೆ ಬೇಡವಾಯ್ತು. ಈಗ ಅವಳಿಗೆ ನಲವತ್ತೆರಡು.

ಶಾಲೆಗೂ ಹಂಗೇ ಮಾಡಿದ್ರು. ಮೈಸೂರಲ್ಲಿ ವಾಕ್ ಶ್ರವಣ ಸಂಸ್ಥೆ 1960ರ ದಶಕದಿಂದಲೂ ಇದೆ, ಹೊಳೆನರಸೀಪುರದಲ್ಲಿ ರೈಲು ಹತ್ತಿದ್ರೆ ಮೈಸೂರು. ಹೆಣ್ಣುಮಗು, ಅಲ್ಲಿ ಯಾರು ನೋಡ್ಕೊಳ್ಳೋರು ಅಂದ್ರು ಹಿರೀಕರು. ದೊಡ್ಡಗೌಡ್ರು ಹುಟ್ಟಿದ ನಮ್ಮ ಹರದನಹಳ್ಳೀಲಿ ಹುಟ್ಟಿದೋರು ದೆಲ್ಲಿಗೇ ಹೋಗಬೋದು, ಇವಳು ಮೈಸೂರಿಗೂ ಹೋಗಂಗಿಲ್ಲ.

"ಕಾಲ ಕೆಟ್ಟದೆ, ಕಾಪಾಡೋರು ಬೇಡ್ವಾ?" ಅಂತೀರ. ಬೇಕು. ನನಗೂ ಬೇಕು, ನಿಮಗೂ ಬೇಕು. ಆದ್ರೆ ನಮ್ಮನ್ನ ಕಾಪಾಡೋರು ನಮ್ಮನ್ನ ಒಂದು ಮಾತು ಕೇಳ್ತಾರೆ. ಇವಳನ್ನ ಕೇಳಲ್ಲ. ಬ್ಯಾಂಕಲ್ಲಿ ನನ್ನ ಕೇಳ್ತಾರೆ, ರೇಷನ್ ಅಂಗಡೀಲಿ ನನ್ನ ಕೇಳ್ತಾರೆ, ನೀವೂ ಮನೆಗೆ ಬಂದು "ಅವಳು ಎಂಗವಳೆ?" ಅಂತ ನನ್ನೇ ಕೇಳ್ತೀರ, ಅವಳು ಎದುರಿಗೇ ಕಾಫಿ ಕೊಡ್ತಿದ್ರೂ.

ಇನ್ಮೇಲೆ ಆ ಪ್ರಶ್ನೆಗೆ ನಾನು ಜವಾಬು ಕೊಡಲ್ಲ. ಅವಳ ಮುಖಕ್ಕೆ ಮುಖ ಕೊಟ್ಟು ನಿಂತು ಕೇಳಿ, ನಿಧಾನಕ್ಕೆ ಕೈ ಆಡ್ಸಿ, ತಪ್ಪಿದ್ರೆ ಅವಳೇ ತಿದ್ತಾಳೆ. ಇನ್ನೊಂದು ವಿಷಯ. ನಿಮ್ಮೊಬ್ಬೊಬ್ಬರಿಗೂ ಅವಳು ಸನ್ನೇಲಿ ಒಂದೊಂದು ಹೆಸರಿಟ್ಟವಳೆ. ನಮ್ಮತ್ತೆಗೆ ಮೂಗುಬೊಟ್ಟು, ನನಗೆ ಸೊಂಟದ ಮೇಲೆ ಕೈ. ಉಳಿದೋರದ್ದು ನಾನು ಹೇಳಲ್ಲ, ಅವಳನ್ನೇ ಕೇಳಿ.