ಸಾಂಬ್ರಾಣಿ ಗೆಡ್ಡೆ: ಸತ್ತ್ವವಿದ್ದರೆ ಸಾಲದು, ಬಾಳಿಕೆಯೂ ಬೇಕು

ದಕ್ಷಿಣ ಕನ್ನಡ, ಉಡುಪಿ ಕಡೆಯ ಓದುಗರಿಗೆ ಸಾಂಬ್ರಾಣಿ ಗೆಡ್ಡೆಯ ಪರಿಚಯ ಬೇಕಿಲ್ಲ. ಹೆಬ್ಬೆರಳ ಗಾತ್ರದ, ಕಂದು ಸಿಪ್ಪೆಯ, ಬೇಯುವಾಗ ಘಮ್ಮೆನ್ನುವ ಗೆಡ್ಡೆ ಅದು. ಕೇರಳದವರಿಗೆ ಇದೇ ಕೂರ್ಕ. ಇಂಗ್ಲಿಷಿನಲ್ಲಿ ‘ಚೈನೀಸ್ ಪೊಟ್ಯಾಟೊ’ ಎಂದರೂ ಇದು ಚೀನಾದ್ದೂ ಅಲ್ಲ, ಆಲೂಗಡ್ಡೆಯ ಕುಲದ್ದೂ ಅಲ್ಲ. ತುಳಸಿ, ದೊಡ್ಡಪತ್ರೆಗಳ ಕುಟುಂಬಕ್ಕೆ ಸೇರಿದ ಈ ಗಿಡದ ತವರು ಆಫ್ರಿಕಾ ಖಂಡ. ನೈಜೀರಿಯಾದಲ್ಲಿ ಹೌಸಾ ಜನರ, ಘಾನಾದ ಉತ್ತರ ಭಾಗದಲ್ಲಿ ಫ್ರಾಫ್ರಾ ಜನರ ಹೆಸರನ್ನೇ ಈ ಗೆಡ್ಡೆಗೆ ಇಟ್ಟಿದ್ದಾರೆ.

ತವರಿನಲ್ಲೇ ಇದು ಮೂಲೆಗುಂಪಾಗಿದೆ. ಮುಸುಕಿನ ಜೋಳ, ಮರಗೆಣಸು, ಆಲೂಗಡ್ಡೆಗಳು ಹೊರಗಿನಿಂದ ಬಂದು ಹೊಲವನ್ನು ಆಕ್ರಮಿಸಿದವು. ಅಮೆರಿಕದ ರಾಷ್ಟ್ರೀಯ ಸಂಶೋಧನಾ ಮಂಡಳಿಯು ಆಫ್ರಿಕದ ಕಡೆಗಣಿಸಲ್ಪಟ್ಟ ತರಕಾರಿಗಳ ಬಗ್ಗೆ 2006ರಲ್ಲಿ ಹೊರತಂದ ಸಂಪುಟದಲ್ಲಿ ಈ ಗೆಡ್ಡೆಗೂ ಒಂದು ಸ್ಥಾನ ಕೊಟ್ಟಿದೆ.

ಇಂತಹ ಬೆಳೆಗಳನ್ನು ಈಗ ‘ಪವಾಡದ ಆಹಾರ’ ಎಂದು ಹೊಗಳುವ ರೂಢಿ ಶುರುವಾಗಿದೆ. ನಿಜಾಂಶ ನೋಡೋಣ. ಈ ಗೆಡ್ಡೆಯಲ್ಲಿ ಸುಮಾರು ಮುಕ್ಕಾಲು ಪಾಲು ನೀರು. 100 ಗ್ರಾಂ ಗೆಡ್ಡೆಯಲ್ಲಿ 20 ಗ್ರಾಂನಷ್ಟು ಪಿಷ್ಟ, ಒಂದೂವರೆ ಗ್ರಾಂ ಆಸುಪಾಸು ಸಸಾರಜನಕ, ಅತ್ಯಲ್ಪ ಜಿಡ್ಡು, ಸ್ವಲ್ಪ ನಾರು ಮತ್ತು ಖನಿಜಗಳಿವೆ. 90ರ ಆಸುಪಾಸು ಕ್ಯಾಲೊರಿ ಸಿಗುತ್ತದೆ. ಕಬ್ಬಿಣ ಹೇರಳವಾಗಿದೆ ಎಂಬ ಮಾತನ್ನು ಎಚ್ಚರದಿಂದ ಕೇಳಬೇಕು. ಸಿಪ್ಪೆಗೆ ಅಂಟಿದ ಮಣ್ಣೂ ಪರೀಕ್ಷೆಯಲ್ಲಿ ಕಬ್ಬಿಣವೆಂದೇ ಲೆಕ್ಕಕ್ಕೆ ಬರಬಹುದು. ಅಲ್ಲದೆ, ಸಸ್ಯಾಹಾರದ ಕಬ್ಬಿಣದಲ್ಲಿ ನಮ್ಮ ಕರುಳು ಹೀರಿಕೊಳ್ಳುವುದು ಅಲ್ಪಭಾಗವನ್ನು ಮಾತ್ರ. ಊಟದಲ್ಲಿ ನಿಂಬೆಹಣ್ಣಿನ ರಸವಿದ್ದರೆ ಈ ಪ್ರಮಾಣ ಹೆಚ್ಚುತ್ತದೆ.

ಹಾಗಾದರೆ ಇದು ಹೊಟ್ಟೆ ತುಂಬಿಸುವ, ಶಕ್ತಿ ಕೊಡುವ ಆಹಾರ. ಆದರೆ ಇದೊಂದೇ ಊಟವಾಗಲಾರದು. ಮೊಲೆಹಾಲು ಬಿಟ್ಟ ಮೇಲೆ ಮುಸುಕಿನ ಜೋಳದ ಗಂಜಿಯನ್ನೇ ನಂಬಿದ ಮಕ್ಕಳಲ್ಲಿ ಕಾಲು ಬಾತು, ಚರ್ಮ ಸುಲಿಯುವ ಕಾಯಿಲೆಯನ್ನು ಡಾ. ಸಿಸಿಲಿ ವಿಲಿಯಮ್ಸ್ 1933ರಲ್ಲಿ ಇಂದಿನ ಘಾನಾದಿಂದಲೇ ವರದಿ ಮಾಡಿದ್ದರು. ಕ್ವಾಷಿಯೋರ್ಕರ್ ಎಂಬ ಹೆಸರನ್ನು ವೈದ್ಯಲೋಕಕ್ಕೆ ಕೊಟ್ಟವರು ಅವರೇ. ಗೆಡ್ಡೆಯನ್ನೇ ನಂಬಿದ ಮಗುವಿಗೂ ಅಪಾಯ ತಪ್ಪಿದ್ದಲ್ಲ. ಜೊತೆಗೆ ಕಾಳು, ಮೀನು, ಮೊಟ್ಟೆ ಅಥವಾ ಹಾಲು ಬೇಕೇ ಬೇಕು.

ನನ್ನ ದೃಷ್ಟಿಯಲ್ಲಿ ಇದಕ್ಕಿಂತ ದೊಡ್ಡ ಪ್ರಶ್ನೆ ಬೇರೆಯಿದೆ. ಸತ್ತ್ವದ ಪಟ್ಟಿಗಳಲ್ಲಿ ಒಂದು ಸಾಲು ಬಿಟ್ಟುಹೋಗಿರುತ್ತದೆ: ಆಹಾರ ಎಷ್ಟು ದಿನ ತಾಳುತ್ತದೆ? ಗೆಡ್ಡೆ ಕಿತ್ತ ಮೇಲೂ ಅದಕ್ಕೆ ಜೀವವಿರುತ್ತದೆ. ಅದು ಉಸಿರಾಡುತ್ತದೆ, ನೀರು ಕಳೆದುಕೊಂಡು ಸುಕ್ಕಾಗುತ್ತದೆ, ಮೊಳೆಯುತ್ತದೆ. ಅಗೆಯುವಾಗ ಗಾಯವಾಗಿದ್ದರೆ ಬೇಗ ಕೊಳೆಯುತ್ತದೆ. ಪಶ್ಚಿಮ ಆಫ್ರಿಕದ ಒಣನಾಡಿನಲ್ಲಿ ಮಳೆಗಾಲ ಮುಗಿದ ಮೇಲೆ ಈ ಗೆಡ್ಡೆಯ ಸುಗ್ಗಿ. ಕಣಜ ಬರಿದಾಗಿ ಮಕ್ಕಳು ಸೊರಗುವುದು ಮುಂದಿನ ಜೂನ್‌ನಿಂದ ಆಗಸ್ಟ್‌ವರೆಗೆ. ಅಷ್ಟು ಕಾಲ ಗೆಡ್ಡೆಯನ್ನು ಉಳಿಸುವುದು ಬಡ ರೈತನಿಗೆ ಸುಲಭವಲ್ಲ. ಉಳಿಸಿದ್ದರಲ್ಲೇ ಬಿತ್ತನೆಗೂ ಎತ್ತಿಡಬೇಕು. ಹಸಿದ ದಿನಕ್ಕೆ ತಟ್ಟೆಗೆ ಬಾರದ ಸತ್ತ್ವದಿಂದ ಯಾರಿಗೆ ಏನು ಲಾಭ?

ಆದುದರಿಂದ ಸಂಶೋಧನೆ ಹೋಗಬೇಕಾದುದು ಬಾಳಿಕೆಯ ಕಡೆಗೆ. ಕೇಸರಿ ತಿರುಳಿನ ಸಿಹಿಗೆಣಸನ್ನು ಬೆಳೆಸಿ ಹರಡಿದ ವಿಜ್ಞಾನಿಗಳಿಗೆ 2016ರಲ್ಲಿ ವಿಶ್ವ ಆಹಾರ ಪ್ರಶಸ್ತಿ ಬಂತು. ಅಂತಹ ಗಮನ ಸಾಂಬ್ರಾಣಿ ಗೆಡ್ಡೆಗೆ ಸಿಕ್ಕಿಲ್ಲ. ತಿರುವನಂತಪುರದ ಕೇಂದ್ರೀಯ ಗೆಡ್ಡೆ ಬೆಳೆಗಳ ಸಂಶೋಧನಾ ಸಂಸ್ಥೆ ‘ಶ್ರೀಧರ’ ಎಂಬ ತಳಿಯನ್ನು ಕೊಟ್ಟಿರುವುದು ಸಮಾಧಾನದ ಸಂಗತಿ. ಹೆಚ್ಚು ದಿನ ತಾಳುವ ತಳಿ, ಹಳ್ಳಿಯಲ್ಲೇ ಹೆಚ್ಚಿ ಒಣಗಿಸುವ ಅಗ್ಗದ ವಿಧಾನ, ಇವೆರಡೂ ಔಷಧಕ್ಕೆ ಸಮ ಎಂದು ವೈದ್ಯನಾಗಿ ನಾನು ಹೇಳುತ್ತೇನೆ.

ನಿಮ್ಮ ಮನೆಯಲ್ಲಿ ಏನು ಮಾಡಬಹುದು? ಗಾಯವಿಲ್ಲದ, ಗಟ್ಟಿಯಾದ ಗೆಡ್ಡೆ ಆರಿಸಿ. ತೊಳೆದು ಇಡಬೇಡಿ, ಮಣ್ಣು ಕೊಡವಿ, ಗಾಳಿಯಾಡುವ ನೆರಳಿನಲ್ಲಿ ಹರಡಿ. ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಟ್ಟರೆ ಬೆವತು ಕೊಳೆಯುತ್ತದೆ. ಕೊಳೆತದ್ದನ್ನು ಆಗಾಗ ಆರಿಸಿ ತೆಗೆಯಿರಿ. ಸಿಪ್ಪೆ ತೆಗೆಯುವುದು ರೇಜಿಗೆ ಎನ್ನುವವರು ನೆನೆಸಿ, ಗೋಣಿಚೀಲದಲ್ಲಿ ಹಾಕಿ ಉಜ್ಜಿದರಾಯಿತು. ಹುರುಳಿ ಅಥವಾ ಹೆಸರುಕಾಳಿನ ಜೊತೆ ಪಲ್ಯ ಮಾಡಿದರೆ ರುಚಿಯೂ ಹೌದು, ಸಸಾರಜನಕವೂ ಕೂಡುತ್ತದೆ. ಮಧುಮೇಹವಿರುವವರು ಇದನ್ನು ತರಕಾರಿಯೆಂದು ಲೆಕ್ಕ ಹಾಕದೆ, ಗೆಡ್ಡೆ ತಿಂದ ದಿನ ಅನ್ನವನ್ನು ಅಷ್ಟರಮಟ್ಟಿಗೆ ಕಡಿಮೆ ಮಾಡಬೇಕು.

ಮರೆತ ಬೆಳೆಯನ್ನು ಉಳಿಸುವುದು ಹೊಗಳಿಕೆಯಿಂದಲ್ಲ. ಕೊಳ್ಳುವವರಿದ್ದರೆ ಬೆಳೆಯುವವರೂ ಇರುತ್ತಾರೆ. ಮುಂದಿನ ಸಲ ಸಂತೆಯಲ್ಲಿ ಕಂಡರೆ ಅರ್ಧ ಕಿಲೊ ತನ್ನಿ.