ಕ್ಯಾಪ್ಸೂಲಿನ ಸಿಪ್ಪೆಯ ಬಗ್ಗೆ ಕೇಳುವವರು ಒಳಗಿನ ಪುಡಿಯ ಬಗ್ಗೆಯೂ ಕೇಳಲಿ

“ಉಸ್ತಾದ್, ಈ ಮದ್ದು ಹಲಾಲಾ?” ನಮ್ಮಂಥ ಮದ್ರಸ ಅಧ್ಯಾಪಕರಿಗೆ ಈ ಪ್ರಶ್ನೆ ಹೊಸತಲ್ಲ. ಜುಮಾ ಮುಗಿಸಿ ಚಪ್ಪಲಿ ಹುಡುಕುವಾಗ ಕೇಳುತ್ತಾರೆ, ಮದುವೆ ಮನೆಯಲ್ಲಿ ಕೇಳುತ್ತಾರೆ, ಈಗೀಗ ವಾಟ್ಸ್‌ಆಪ್‌ನಲ್ಲಿ ಮಾತ್ರೆಯ ಫೋಟೊವನ್ನೇ ಕಳುಹಿಸುತ್ತಾರೆ. ಜೊತೆಗೆ ಎಲ್ಲಿಂದಲೋ ಬಂದ ಒಂದು ಸಂದೇಶ ಇರುತ್ತದೆ: ಇಂಥ ಕ್ಯಾಪ್ಸೂಲ್‌ನಲ್ಲಿ ಹಂದಿಯ ಕೊಬ್ಬು ಉಂಟು, ಕೂಡಲೇ ನಿಲ್ಲಿಸಿ, ಹತ್ತು ಮಂದಿಗೆ ತಿಳಿಸಿ.

ಹೊಟ್ಟೆಗೆ ಹೋಗುವುದು ಏನೆಂದು ವಿಚಾರಿಸುವುದು ನಮ್ಮ ದೀನ್‌ನ ಭಾಗವೇ. ಹಾಗೆ ಕೇಳುವವರ ಬಗ್ಗೆ ನನಗೆ ಗೌರವ ಉಂಟು. ನನ್ನ ತಕರಾರು ಎರಡು. ಉತ್ತರ ಸಿಗುವ ಮೊದಲೇ ಮದ್ದು ನಿಲ್ಲಿಸಿಬಿಡುತ್ತಾರೆ. ಮತ್ತೆ, ಈ ಒಂದು ಪ್ರಶ್ನೆ ಕೇಳಿದ ಮೇಲೆ ಆ ಮದ್ದಿನ ಬಗ್ಗೆ ಬೇರೆ ಏನನ್ನೂ ಕೇಳುವುದಿಲ್ಲ.

ಮೊದಲು ಸಿಪ್ಪೆಯ ವಿಷಯವನ್ನೇ ನೋಡೋಣ. ಹೆಚ್ಚಿನ ಕ್ಯಾಪ್ಸೂಲ್‌ಗಳ ಹೊರಕವಚ ಜೆಲಾಟಿನ್‌ನದ್ದು. ಅದನ್ನು ಪ್ರಾಣಿಗಳ ಮೂಳೆ ಮತ್ತು ಚರ್ಮದಿಂದ ಮಾಡುತ್ತಾರೆ. ನಮ್ಮ ದೇಶದಲ್ಲಿ ತಯಾರಾಗುವ ಜೆಲಾಟಿನ್ ಹೆಚ್ಚಾಗಿ ದನ, ಎಮ್ಮೆಗಳ ಮೂಳೆಯದ್ದು. ಹಂದಿಯದ್ದಲ್ಲ ಅಂದ ಕೂಡಲೇ ಫಿಖ್‌ಹ್‌ನ ಪ್ರಶ್ನೆ ಮುಗಿಯುವುದಿಲ್ಲ, ಆ ಪ್ರಾಣಿ ಝಬಹ್ ಆಗಿತ್ತಾ ಎಂಬುದು ಉಳಿಯುತ್ತದೆ. ಕುವೈತ್‌ನಲ್ಲಿ 1995ರಲ್ಲಿ ಉಲಮಾಗಳೂ ವೈದ್ಯರೂ ಒಟ್ಟಿಗೆ ಕೂತು ಚರ್ಚಿಸಿ, ಮೂಳೆ–ಚರ್ಮ ಪೂರ್ತಿ ರೂಪಾಂತರಗೊಂಡು ಬೇರೆಯೇ ವಸ್ತುವಾದ ಮೇಲೆ ಅದು ಶುದ್ಧ ಎಂಬ ಅಭಿಪ್ರಾಯಕ್ಕೆ ಬಂದರು. ನಮ್ಮ ಶಾಫಿಈ ಮದ್‌ಹಬ್‌ನಲ್ಲಿ ಈ ರೂಪಾಂತರದ ನಿಯಮ ಅಷ್ಟು ವಿಶಾಲವಿಲ್ಲ. ಆದರೆ ಚಿಕಿತ್ಸೆಗೆ ಶುದ್ಧವಾದ ಬದಲಿ ಇಲ್ಲದಿದ್ದಾಗ, ಬಲ್ಲ ವೈದ್ಯರು ಬೇಕೆಂದು ಹೇಳಿದಾಗ, ಅಂಥ ಮದ್ದಿಗೆ ಅನುಮತಿ ಉಂಟೆಂದು ನಮ್ಮ ಇಮಾಮರುಗಳೇ ಬರೆದಿದ್ದಾರೆ. ಸೂರಃ ಅಲ್ ಬಖರದ 173ನೆಯ ಆಯತ್ ನಿರುಪಾಯಕ್ಕೆ ಒಳಗಾದವನಿಗೆ ಕೊಟ್ಟಿರುವ ವಿನಾಯಿತಿ ಮದ್ರಸ ಮಕ್ಕಳಿಗೂ ಗೊತ್ತು.

ಹಾಗಾಗಿ ಕೇಳಬೇಕಾದ ಪ್ರಶ್ನೆ “ಇದಕ್ಕೆ ಬದಲಿ ಉಂಟಾ?” ಎಂಬುದು. ಅದಕ್ಕೆ ಉತ್ತರ ಇರುವುದು ಉಸ್ತಾದರ ಹತ್ತಿರ ಅಲ್ಲ, ಚೀಟಿ ಬರೆದ ಡಾಕ್ಟರ ಹತ್ತಿರ. ಎಷ್ಟೋ ಮದ್ದುಗಳು ಕ್ಯಾಪ್ಸೂಲ್ ಬದಲು ಮಾತ್ರೆಯ ರೂಪದಲ್ಲೇ ಸಿಗುತ್ತವೆ. ಕೆಲವು ಕಂಪೆನಿಗಳು ಸಸ್ಯಮೂಲದ ನಾರಿನಿಂದ ಮಾಡಿದ ಕವಚವನ್ನೂ ಬಳಸುತ್ತವೆ. ಚೀಟಿ ಬರೆಯುವಾಗಲೇ “ಡಾಕ್ಟ್ರೇ, ಕ್ಯಾಪ್ಸೂಲ್ ಬೇಡ, ಬೇರೆ ಇದ್ದರೆ ಬರೆಯಿರಿ” ಎಂದರೆ ಯಾರೂ ಬೇಜಾರು ಮಾಡಿಕೊಳ್ಳುವುದಿಲ್ಲ. ತಿಂಡಿಯ ಪ್ಯಾಕೆಟ್‌ಗೆ ಇರುವಂಥ ಹಸಿರು–ಕಂದು ಗುರುತು ಮದ್ದಿಗೆ ಕಡ್ಡಾಯವಿಲ್ಲದ ಕಾರಣ ಬಾಯಿಬಿಟ್ಟು ಕೇಳಲೇಬೇಕು.

ಕೇಳುವ ಬದಲು ನಮ್ಮಲ್ಲಿ ಕೆಲವರು ಕಂಡುಕೊಂಡ ಉಪಾಯ ಇನ್ನೂ ಅಪಾಯದ್ದು. ಕ್ಯಾಪ್ಸೂಲ್ ಬಿಡಿಸಿ, ಸಿಪ್ಪೆ ಎಸೆದು, ಒಳಗಿನದ್ದನ್ನು ನೀರಿಗೆ ಹಾಕಿ ಕುಡಿಯುತ್ತಾರೆ. ಗ್ಯಾಸ್ಟ್ರಿಕ್‌ಗೆ ಕೊಡುವ ಒಮೆಪ್ರಜೋಲ್‌ನ ಒಳಗಿನ ಸಣ್ಣ ಸಣ್ಣ ಕಾಳುಗಳಿಗೆ ಹೊಟ್ಟೆಯ ಆಮ್ಲದಿಂದ ರಕ್ಷಣೆಯಾಗಿ ಒಂದು ಲೇಪ ಇರುತ್ತದೆ. ಅದನ್ನು ಅರೆದರೆ ಮದ್ದು ಕೆಲಸ ಮಾಡುವ ಮೊದಲೇ ಹಾಳಾಗುತ್ತದೆ. ರಕ್ತ ಹೆಪ್ಪುಗಟ್ಟದಂತೆ ಹೃದಯದ ರೋಗಿಗಳಿಗೆ ಕೊಡುವ ಡಾಬಿಗಟ್ರಾನ್ ಕ್ಯಾಪ್ಸೂಲ್ ಬಿಡಿಸಿ ತಿಂದರಂತೂ ರಕ್ತಕ್ಕೆ ಸೇರುವ ಮದ್ದಿನ ಪ್ರಮಾಣ ಏರಿ ರಕ್ತಸ್ರಾವದ ಭಯ. ಹೆಸರಿನ ಕೊನೆಗೆ ಎಸ್‌ಆರ್, ಎಕ್ಸ್‌ಆರ್, ಇಆರ್ ಎಂದು ಇರುವ ಮಾತ್ರೆಗಳೂ ಹಾಗೆಯೇ. ಇಡೀ ದಿನಕ್ಕೆ ನಿಧಾನವಾಗಿ ಬಿಡುಗಡೆಯಾಗಬೇಕಾದ ಮದ್ದು ಅದು. ನುಂಗಲು ಕಷ್ಟವೆಂದು ಉಮ್ಮನಿಗೆ ಅದನ್ನು ಪುಡಿ ಮಾಡಿ ಕೊಟ್ಟರೆ ಒಮ್ಮೆಲೇ ಇಳಿದುಬಿಡುತ್ತದೆ.

ಇನ್ಸುಲಿನ್ ಬಗ್ಗೆ ಈಗಲೂ ಅನುಮಾನ ಇಟ್ಟುಕೊಂಡವರು ಇದ್ದಾರೆ. ಒಂದು ಕಾಲದಲ್ಲಿ ಅದನ್ನು ದನ ಮತ್ತು ಹಂದಿಯ ಮೇದೋಜೀರಕ ಗ್ರಂಥಿಯಿಂದಲೇ ತೆಗೆಯುತ್ತಿದ್ದರು, ಅದು ಸುಳ್ಳಲ್ಲ. ಆದರೆ 1982ರಲ್ಲಿ ಬ್ಯಾಕ್ಟೀರಿಯಾದ ಮೂಲಕ ಮಾಡಿದ ಮಾನವ ಇನ್ಸುಲಿನ್ ಮಾರುಕಟ್ಟೆಗೆ ಬಂತು. ನಮ್ಮ ಬೆಂಗಳೂರಿನ ಬಯೋಕಾನ್ 2004ರಲ್ಲಿ ಯೀಸ್ಟ್‌ನಿಂದ ಮಾಡಿದ್ದನ್ನು ಹೊರತಂದಿತು. ಇಂದು ಮೆಡಿಕಲ್‌ನಲ್ಲಿ ಸಿಗುವ ಇನ್ಸುಲಿನ್ ಇಂಥದ್ದೇ. ನಲವತ್ತು ವರ್ಷ ಹಳೆಯ ಮಾತನ್ನು ಹಿಡಿದುಕೊಂಡು ಶುಗರ್ ಏರಿಸಿಕೊಂಡು ಕಾಲಿನ ಬೆರಳು ಕಳೆದುಕೊಳ್ಳುವುದಕ್ಕೆ ತಖ್ವಾ ಎಂಬ ಹೆಸರು ಕೊಡಬೇಡಿ.

ಹೆಪಾರಿನ್‌ನ ಕಥೆ ಬೇರೆ. ಡಯಾಲಿಸಿಸ್‌ನಲ್ಲಿ, ಹೃದಯದ ಚಿಕಿತ್ಸೆಯಲ್ಲಿ ರಕ್ತ ಗಟ್ಟಿಯಾಗದಂತೆ ಕೊಡುವ ಇದು ಮುಖ್ಯವಾಗಿ ಹಂದಿಯ ಕರುಳಿನಿಂದಲೇ ಬರುತ್ತದೆ. ಅದನ್ನು ಮುಚ್ಚಿಟ್ಟು ಉಪಯೋಗವಿಲ್ಲ. ಕೆಲವು ರೋಗಿಗಳಿಗೆ ಫೊಂಡಾಪರಿನಕ್ಸ್‌ನಂಥ ಕೃತಕ ಬದಲಿ ಹೊಂದುತ್ತದೆ, ಕೆಲವರಿಗೆ, ಅದರಲ್ಲೂ ಕಿಡ್ನಿ ಹೋದವರಿಗೆ, ಹೊಂದುವುದಿಲ್ಲ. ನಿರುಪಾಯ ಎಂಬ ಮಾತಿಗೆ ಇದಕ್ಕಿಂತ ಸ್ಪಷ್ಟ ಉದಾಹರಣೆ ಬೇಡ. ವಾರಕ್ಕೆ ಎರಡು–ಮೂರು ಸಲ ಡಯಾಲಿಸಿಸ್‌ಗೆ ಹೋಗುವವರ ಮನೆಗೆ ಹೋಗಿ ಈ ವಿಷಯದಲ್ಲಿ ಮನಸ್ಸು ಕೆಡಿಸುವವರು ಸ್ವಲ್ಪ ಅಲ್ಲಾಹನನ್ನು ಭಯಪಡಬೇಕು.

ಇನ್ನು ಸಿರಪ್‌ನ ಆಲ್ಕೋಹಾಲ್. ಕೆಮ್ಮಿನ ಸಿರಪ್ ಬಾಟಲಿಯನ್ನು ತಿರುಗಿಸಿ ತಿರುಗಿಸಿ ನೋಡುವ ಮನೆಯಲ್ಲೇ ಬಾಣಂತಿಗೆ ದಶಮೂಲಾರಿಷ್ಟ ಕೊಡುತ್ತಾರೆ. ಅರಿಷ್ಟ, ಆಸವಗಳಲ್ಲಿ ಹುದುಗಿ ಹುಟ್ಟುವ ಆಲ್ಕೋಹಾಲ್ ಇರುತ್ತದೆ, ಬಾಟಲಿಯ ಮೇಲೆ ಬರೆದೂ ಇರುತ್ತದೆ. ಅದರ ವಿಧಿ ಏನೆಂದು ನಾನಿಲ್ಲಿ ಹೇಳಲು ಹೊರಟಿಲ್ಲ. ಒಂದನ್ನು ಓದುವವರು ಇನ್ನೊಂದನ್ನೂ ಓದಲಿ ಅಂತ ಅಷ್ಟೇ. ಅದೇ ಕೆಮ್ಮಿನ ಸಿರಪ್‌ನಲ್ಲಿ ಕ್ಲೋರ್‌ಫೆನಿರಮಿನ್ ಮತ್ತು ಫಿನೈಲ್‌ಎಫ್ರಿನ್ ಒಟ್ಟಿಗೆ ಇದ್ದರೆ 4 ವರ್ಷದೊಳಗಿನ ಮಕ್ಕಳಿಗೆ ಕೊಡಬಾರದೆಂದು ಲೇಬಲ್‌ನಲ್ಲಿ ಬರೆಯಬೇಕೆಂದು 2023ರಲ್ಲಿ ಕೇಂದ್ರದ ಔಷಧ ನಿಯಂತ್ರಕರು ಹೇಳಿದ್ದಾರೆ. ದೊಡ್ಡ ಮಗುವಿಗೆ ಬರೆದುಕೊಟ್ಟ ಬಾಟಲಿ ಉಳಿದಿದೆಯೆಂದು ತೊಟ್ಟಿಲ ಮಗುವಿಗೂ ಅರ್ಧ ಚಮಚ ಹಾಕುವ ತಾಯಂದಿರು ಆ ಸಾಲನ್ನು ಓದುವುದೇ ಇಲ್ಲ. 2025ರಲ್ಲಿ ಮಧ್ಯಪ್ರದೇಶದ ಛಿಂದ್ವಾಡಾದಲ್ಲಿ ವಿಷ ಬೆರೆತ ಕೆಮ್ಮಿನ ಸಿರಪ್ ಕುಡಿದ ಮಕ್ಕಳು ಕಿಡ್ನಿ ಕೆಟ್ಟು ಸತ್ತದ್ದನ್ನು ನಾವೆಲ್ಲ ಇದೇ ಪೇಪರ್‌ಗಳಲ್ಲಿ ಓದಿದ್ದೇವೆ. ಸಣ್ಣ ಮಕ್ಕಳ ಶೀತ–ಕೆಮ್ಮು ಹೆಚ್ಚಾಗಿ ಸಿರಪ್ ಇಲ್ಲದೆಯೂ ಗುಣವಾಗುತ್ತದೆ.

ನಾನು ನಿಜಕ್ಕೂ ಹೇಳಬೇಕೆಂದಿದ್ದ ವಿಷಯ ಮುಂದಿನದ್ದು. ಜೆಲಾಟಿನ್ ಎಂದು ಹೆದರಿ ಡಾಕ್ಟರ ಕ್ಯಾಪ್ಸೂಲ್ ಬಿಟ್ಟವರು ಅಷ್ಟಕ್ಕೇ ಸುಮ್ಮನಿರುತ್ತಾರಾ? ಇಲ್ಲ. ಯಾರೋ ಹೇಳಿದರೆಂದು ಮಂಡಿನೋವಿಗೆ, ಉಬ್ಬಸಕ್ಕೆ ಹೆಸರಿಲ್ಲದ ಪುಡಿ ತರಿಸುತ್ತಾರೆ. ಪ್ಲಾಸ್ಟಿಕ್ ತೊಟ್ಟೆಯಲ್ಲಿ ಕಟ್ಟಿದ ಪುಡಿ. ಲೇಬಲ್ ಇಲ್ಲ, ಕಂಪೆನಿ ಇಲ್ಲ, ತಾರೀಕು ಇಲ್ಲ. “ಬರೀ ಬೇರು–ನಾರು ಉಸ್ತಾದ್, ಎರಡೇ ದಿನದಲ್ಲಿ ನೋವು ಹೋಯ್ತು” ಎನ್ನುತ್ತಾರೆ. ಎರಡೇ ದಿನದಲ್ಲಿ ಹೋಯಿತಲ್ಲ, ಅಲ್ಲೇ ಅನುಮಾನ ಬರಬೇಕು. ಇಂಥ ಪುಡಿಗಳನ್ನು ಲ್ಯಾಬ್‌ನಲ್ಲಿ ಪರೀಕ್ಷಿಸಿದಾಗ ಡೆಕ್ಸಾಮೆಥಾಸೋನ್‌ನಂಥ ಸ್ಟಿರಾಯ್ಡ್ ಕಂಡುಬಂದ ಪ್ರಸಂಗಗಳು ಎಷ್ಟೋ ಉಂಟು. ತಿಂಗಳುಗಟ್ಟಲೆ ತಿಂದರೆ ಮುಖ ಊದುತ್ತದೆ, ಶುಗರ್ ಏರುತ್ತದೆ, ಮೂಳೆ ಸವೆಯುತ್ತದೆ. ಗೊತ್ತಾಗಿ ಒಮ್ಮೆಲೇ ನಿಲ್ಲಿಸಿದರೆ ಅದೂ ಅಪಾಯ, ಡಾಕ್ಟರ ಮೂಲಕ ನಿಧಾನವಾಗಿ ಇಳಿಸಿಕೊಳ್ಳಬೇಕು. ಓದಿ ಕಲಿತು ಹೆಸರು ಹಾಕಿ ಮದ್ದು ಕೊಡುವ ವೈದ್ಯರ ಬಗ್ಗೆ ನಾನು ಹೇಳುತ್ತಿಲ್ಲ. ಒಳಗೇನಿದೆ ಎಂದು ಹೇಳಲು ಒಪ್ಪದವರ ಬಗ್ಗೆ ಹೇಳುತ್ತಿದ್ದೇನೆ. ಸಿಪ್ಪೆಯ ಬಗ್ಗೆ ಇಷ್ಟು ಜಾಗ್ರತೆ ಇರುವ ನಾವು ಆ ಪುಡಿಯನ್ನು ಬಿಸ್ಮಿ ಹೇಳಿ ಸುಮ್ಮನೆ ನುಂಗುತ್ತೇವೆ. ಅದರಲ್ಲಿ ಹಲಾಲ್ ಏನು, ಹರಾಮ್ ಏನು ಎಂದು ಯಾರಿಗೆ ಗೊತ್ತು?

ಲೇಬಲ್ ಇರುವ ಮದ್ದಿನಲ್ಲೂ ನಾವು ದೊಡ್ಡ ಬ್ರ್ಯಾಂಡ್ ಹೆಸರನ್ನೇ ನೋಡುವುದು, ಮೂಲ ಹೆಸರನ್ನು ನೋಡುವುದಿಲ್ಲ. ನಮ್ಮ ಮನೆಗಳಲ್ಲಿ ಟೈಗರ್ ಬಾಮ್, ಕೊಡಲಿ ಎಣ್ಣೆಯ ಪಕ್ಕದಲ್ಲೇ ಗಲ್ಫ್‌ನಿಂದ ಬಂದ ಪನಡೋಲ್ ಇರುತ್ತದೆ. ಊರಿನ ಡೋಲೋ, ಕ್ರೋಸಿನ್ ಬೇರೆ ಇರುತ್ತದೆ. ಮೂರರಲ್ಲೂ ಇರುವುದು ಪ್ಯಾರಾಸಿಟಮಾಲ್ ಒಂದೇ. ಶೀತಕ್ಕೆಂದು ತರುವ ಹೆಚ್ಚಿನ ಮಾತ್ರೆಗಳಲ್ಲೂ ಅದು ಸೇರಿರುತ್ತದೆ. ಜ್ವರಕ್ಕೆ ಒಂದು, ತಲೆನೋವಿಗೆ ಮಗ ಕಳುಹಿಸಿದ್ದು ಒಂದು, ಮೂಗು ಸೋರುವುದಕ್ಕೆ ಇನ್ನೊಂದು ಎಂದು ತಿಂದರೆ ತಿಂದದ್ದು ಒಂದೇ ಮದ್ದನ್ನು ಮೂರು ಸಲ. ದೊಡ್ಡವರಿಗೆ ದಿನಕ್ಕೆ 4 ಗ್ರಾಂ ದಾಟಬಾರದು, ಅಂದರೆ 650ರ ಮಾತ್ರೆ ಆರಕ್ಕಿಂತ ಹೆಚ್ಚಾಗಬಾರದು. ಲಿವರ್ ತೊಂದರೆ ಇರುವವರಿಗೆ ಅಷ್ಟೂ ಆಗದು. ಮೂಲ ಹೆಸರು ಗೊತ್ತಿದ್ದರೆ ಜನೌಷಧಿ ಕೇಂದ್ರದಲ್ಲಿ ಅದೇ ಮದ್ದು ಎಷ್ಟೋ ಕಡಿಮೆಗೆ ಸಿಗುತ್ತದೆ ಎಂಬುದು ಇನ್ನೊಂದು ಲಾಭ. ಸ್ಟ್ರಿಪ್‌ನ ಮೇಲೆ ಕೆಂಪು ಗೆರೆ ಇದ್ದರೆ ಅದು ಡಾಕ್ಟರ ಚೀಟಿ ಇಲ್ಲದೆ ತಿನ್ನುವಂಥದ್ದಲ್ಲ. ಪಕ್ಕದ ಮನೆಯವರಿಗೆ ಆಗಿಬಂತೆಂದು ಎರಡು ಮಾತ್ರೆ ಕೇಳಿ ತರುವುದನ್ನೂ ಬಿಡಬೇಕು.

ಗಲ್ಫ್‌ನ ಮಾತು ಬಂತಲ್ಲ, ಇದನ್ನೂ ಹೇಳುತ್ತೇನೆ. ಊರಿಂದ ಹೋಗುವವರ ಕೈಯಲ್ಲಿ ಉಪ್ಪೇರಿ, ಹಪ್ಪಳದ ಜೊತೆ ಮಾತ್ರೆಯ ಪೊಟ್ಟಣವನ್ನೂ ಕಟ್ಟಿ ಕೊಡುತ್ತೇವೆ. ಇಲ್ಲಿ ನೋವಿಗೆ, ನರದ ತೊಂದರೆಗೆ, ನಿದ್ದೆಗೆ ಕೊಡುವ ಟ್ರಮಡಾಲ್, ಕೊಡೀನ್, ಪ್ರೆಗಾಬಲಿನ್, ಅಲ್ಪ್ರಜೋಲಮ್ ಇವೆಲ್ಲ ಯುಎಇಯಲ್ಲಿ ಕಟ್ಟುನಿಟ್ಟಿನ ನಿಯಂತ್ರಣದಲ್ಲಿವೆ. ಸೌದಿಯಲ್ಲೂ ಬಿಗಿ ಉಂಟು. ಚೀಟಿಯೂ ಬೇಕು, ಮೊದಲೇ ಪಡೆದ ಅನುಮತಿಯೂ ಬೇಕು, ಅದೂ ಸ್ವಂತಕ್ಕೆ ಮಾತ್ರ. ಬಜ್ಪೆಯಲ್ಲಿ ಯಾರೂ ಕೇಳಲಿಲ್ಲ ಎಂದು ದುಬೈಯಲ್ಲಿ ಬಿಡುತ್ತಾರೆಂದು ಇಲ್ಲ. ಇನ್ನೊಬ್ಬರ ಪೊಟ್ಟಣ ಹಿಡಿದ ಹುಡುಗ ಅಲ್ಲಿ ಸಿಕ್ಕಿಬಿದ್ದರೆ “ನನಗೆ ಗೊತ್ತಿರಲಿಲ್ಲ” ಎಂಬ ಮಾತಿಗೆ ಬೆಲೆ ಕಡಿಮೆ.

ರಮಝಾನ್‌ನಲ್ಲಿ ಈ ತೊಂದರೆ ಇನ್ನೂ ಹೆಚ್ಚು. ಶುಗರ್, ಬಿಪಿಯ ಮಾತ್ರೆಗಳನ್ನು ನಮ್ಮ ಇಷ್ಟದಂತೆ ಅತ್ತಾಯಕ್ಕೂ ಇಫ್ತಾರ್‌ಗೂ ಹಂಚಿಕೊಳ್ಳುತ್ತೇವೆ. ನೋಂಬಿಗೆ ಆರೇಳು ವಾರ ಮೊದಲೇ ಡಾಕ್ಟರನ್ನು ಕಂಡು ಯಾವುದನ್ನು ಯಾವಾಗ, ಎಷ್ಟು ಎಂದು ಬರೆಸಿಕೊಳ್ಳಬೇಕು. ಬೆರಳು ಚುಚ್ಚಿ ಶುಗರ್ ನೋಡಿದರೆ ನೋಂಬು ಮುರಿಯುವುದಿಲ್ಲ. 70ಕ್ಕಿಂತ ಕೆಳಗೆ ಇಳಿದರೆ ಮಗ್ರಿಬ್‌ಗೆ ಕಾಯಬೇಡಿ, ನೋಂಬು ಬಿಡಿ. ಖಳಾ ವೀಟಲು ಬೇರೆ ದಿನಗಳಿವೆ.

ಜಮಾಅತ್ ಕಮಿಟಿಗಳು ವರ್ಷಕ್ಕೊಂದು ರಕ್ತದಾನ ಶಿಬಿರ ಮಾಡುತ್ತವೆ, ಒಳ್ಳೆಯದೇ. ಒಂದು ಸಂಜೆ ಮದ್ರಸ ಹಾಲ್‌ಗೆ ಒಬ್ಬ ಫಾರ್ಮಸಿಸ್ಟ್‌ನನ್ನೂ ಕರೆಸಿ. ಅವರವರ ಮನೆಯ ಮದ್ದಿನ ಡಬ್ಬಿಯನ್ನು ಹಾಗೆಯೇ ತರಲು ಹೇಳಿ, ಹೆಂಗಸರಿಗೂ ಜಾಗ ಮಾಡಿ. ಆ ಡಬ್ಬಿಗಳಿಗೆ ಕೈ ಹಾಕುವವರು ಅವರೇ. ಲೇಬಲ್ ಇಂಗ್ಲಿಷ್‌ನಲ್ಲಿರುವುದರಿಂದ ಹಿರಿಯರಿಗೆ ಓದಲಿಕ್ಕಾಗುವುದಿಲ್ಲ ಎಂಬುದು ನಿಜ. ಆದರೆ ನಮ್ಮಲ್ಲಿಗೆ ಬರುವ ಆರನೆಯ, ಏಳನೆಯ ಕ್ಲಾಸಿನ ಮಕ್ಕಳಿಗೆ ಆಗುತ್ತದೆ. ಖಾಲಿ ಸ್ಟ್ರಿಪ್‌ಗಳನ್ನು ತರಿಸಿ ಮೂಲ ಹೆಸರು ಎಲ್ಲಿ, ತಾರೀಕು ಎಲ್ಲಿ, ಕೆಂಪು ಗೆರೆ ಎಲ್ಲಿ ಎಂದು ತೋರಿಸಲು ಒಂದು ಪಿರಿಯಡ್ ಸಾಕು. ಮಕ್ಕಳು ಮನೆಗೆ ಹೋಗಿ ಅಜ್ಜಿಯ ಡಬ್ಬಿಯಲ್ಲಿರುವ ಹೆಸರುಗಳನ್ನು ಒಂದು ಹಾಳೆಯಲ್ಲಿ ಕನ್ನಡದಲ್ಲಿ ಬರೆದುಕೊಡಲಿ, ಡಾಕ್ಟರ ಹತ್ತಿರ ಹೋಗುವಾಗ ಆ ಹಾಳೆ ಜೊತೆಗಿರಲಿ. ಮತ್ತೆ, ದಿನದ ಲೆಕ್ಕಕ್ಕೆಂದು ಸ್ಟ್ರಿಪ್ ಕತ್ತರಿಸಿಡುವವರು ಹೆಸರು, ತಾರೀಕು ಇರುವ ತುದಿಯನ್ನು ಕೊನೆಯ ಮಾತ್ರೆ ಮುಗಿಯುವವರೆಗೆ ಹಾಗೆಯೇ ಬಿಡಿ.